ಜೆಟ್ ಸ್ಕೀ ಎಂಜಿನ್‌ಗೆ ನೀರು ನುಗ್ಗಿದರೆ: ಸ್ಟಾರ್ಟ್ ಬಟನ್ ಒತ್ತುವ ಮೊದಲಿನ ಕೆಲಸಗಳು, ಒತ್ತಿದ ನಂತರದ ಕೆಲಸಗಳು

ನೀರು ನುಗ್ಗಿದ ಜೆಟ್ ಸ್ಕೀಯನ್ನು ದಡಕ್ಕೆ ಎಳೆದು ತಂದವರಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ ಒಂದೇ: ‘ಏನಾಗಿದೆ ನೋಡೋಣ’ ಎಂದು ಸ್ಟಾರ್ಟ್ ಬಟನ್ ಒತ್ತುವುದು. ಎಂಜಿನ್ ಹಾಳಾಗುವುದು ಬಹುಪಾಲು ಆ ಕ್ಷಣದಲ್ಲೇ. ಪಿಸ್ಟನ್ ಗಾಳಿಯನ್ನು ಅದುಮಬಲ್ಲದು, ನೀರನ್ನು ಅದುಮಲಾರದು. ಸಿಲಿಂಡರ್‌ನಲ್ಲಿ ನೀರು ನಿಂತಿರುವಾಗ ಸ್ಟಾರ್ಟರ್ ಮೋಟರ್ ಬಲವಂತವಾಗಿ ತಿರುಗಿಸಿದರೆ ಪಿಸ್ಟನ್ ಅನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅಲ್ಲಿಯವರೆಗೆ ಆಯಿಲ್, ಫಿಲ್ಟರ್, ಪ್ಲಗ್‌ಗಳ ಖರ್ಚಿನಲ್ಲಿ ಮುಗಿಯುತ್ತಿದ್ದ ಕೆಲಸ ಎಂಜಿನ್ ಬಿಚ್ಚುವ ಕೆಲಸವಾಗುತ್ತದೆ.

ಎರಡನೆಯ ತಪ್ಪು ಇದಕ್ಕಿಂತ ಮೋಸದ್ದು. ಹೇಗೋ ಎಂಜಿನ್ ಸ್ಟಾರ್ಟ್ ಆಗುತ್ತದೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ, ಯಂತ್ರವನ್ನು ಶೆಡ್ಡಿಗೆ ಸೇರಿಸುತ್ತಾರೆ. ಆಯಿಲ್‌ನಲ್ಲಿ ಉಳಿದ ಉಪ್ಪುನೀರು ಬೇರಿಂಗ್‌ಗಳನ್ನು ಸದ್ದಿಲ್ಲದೆ ತಿನ್ನುತ್ತಾ ಕೂರುತ್ತದೆ. ಮೂರನೆಯದು, ನೀರು ಯಾವ ದಾರಿಯಿಂದ ಬಂತು ಎಂದು ಹುಡುಕದೆ ಯಂತ್ರವನ್ನು ಮತ್ತೆ ನೀರಿಗಿಳಿಸುವುದು.

ಮಲ್ಪೆ, ಪಣಂಬೂರು, ಮುರ್ಡೇಶ್ವರದ ಕಡಲಿನಂಥ ಉಪ್ಪುನೀರಿನಲ್ಲಿ ಓಡುವ ನಾಲ್ಕು-ಸ್ಟ್ರೋಕ್ ಯಂತ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಸೀ-ಡೂ, ಯಮಹಾ, ಕವಾಸಕಿ ಮೂರೂ ಕಂಪನಿಗಳ ಯಂತ್ರಗಳಿಗೆ ಕ್ರಮ ಒಂದೇ, ವ್ಯತ್ಯಾಸವಿರುವಲ್ಲಿ ಹೇಳುತ್ತೇನೆ. ಎರಡು-ಸ್ಟ್ರೋಕ್ ಯಂತ್ರಗಳಿಗೆ ಬೇರೆ ಭಾಗವಿದೆ. ನದಿ, ಹಿನ್ನೀರಿನ ಸಿಹಿನೀರಾದರೆ ಸ್ವಲ್ಪ ಸಮಯ ಸಿಗುತ್ತದೆ. ಉಪ್ಪುನೀರಾದರೆ ಗಂಟೆಗಳ ಲೆಕ್ಕ. ಅದೇ ದಿನ ಐದನೆಯ ಹಂತದವರೆಗಾದರೂ ತಲುಪಲೇಬೇಕು.

ಬೇಕಾಗುವ ಸಾಮಾನು

ಎಂಜಿನ್ ಅರ್ಧ ಬಿಚ್ಚಿದ ಮೇಲೆ ಫಿಲ್ಟರ್ ಹುಡುಕಿಕೊಂಡು ಹೋಗುವಂತಾಗಬಾರದು. ಜೆಟ್ ಸ್ಕೀಯ ಆಯಿಲ್ ಫಿಲ್ಟರ್ ಊರಿನ ಕಾರು ಬಿಡಿಭಾಗಗಳ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಬಾಡಿಗೆಗೆ ಓಡಿಸುವವರು ಹಂಗಾಮಿನ ಆರಂಭದಲ್ಲೇ ಇವನ್ನೆಲ್ಲ ಒಂದು ಪೆಟ್ಟಿಗೆಯಲ್ಲಿ ತುಂಬಿಸಿಡುವುದು ಒಳ್ಳೆಯದು.

- ಪ್ಲಗ್ ಸ್ಪ್ಯಾನರ್ (ಬಹಳಷ್ಟು ಮಾದರಿಗಳಿಗೆ 16 ಮಿ.ಮೀ.), ಉದ್ದನೆಯ ಎಕ್ಸ್‌ಟೆನ್ಷನ್, ಟಾರ್ಕ್ ವ್ರೆಂಚ್
- ಹೊಸ ಸ್ಪಾರ್ಕ್ ಪ್ಲಗ್‌ಗಳ ಪೂರ್ತಿ ಸೆಟ್
- ಡಿಪ್‌ಸ್ಟಿಕ್ ಕೊಳವೆಯೊಳಗೆ ಇಳಿಯುವ ಸಪೂರ ನಳಿಗೆಯ ಆಯಿಲ್ ಹೀರುವ ಪಂಪ್
- ಮೂರು ಸಲ ತುಂಬುವಷ್ಟು ಆಯಿಲ್, ಕನಿಷ್ಠ ಎರಡು ಫಿಲ್ಟರ್
- ಎಂಜಿನ್ ಒಳಗೆ ಸಿಂಪಡಿಸುವ ಫಾಗಿಂಗ್ ಆಯಿಲ್, ಎಲೆಕ್ಟ್ರಿಕ್ ಕಾಂಟ್ಯಾಕ್ಟ್ ಕ್ಲೀನರ್, ಡೈಎಲೆಕ್ಟ್ರಿಕ್ ಗ್ರೀಸ್
- ಕಂಪ್ರೆಷನ್ ಗೇಜ್, ಮಲ್ಟಿಮೀಟರ್
- ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ
- ಎರಡು ಮೂರು ಪಾರದರ್ಶಕ ಗಾಜಿನ ಬಾಟಲಿ, ಹಳೆಯ ಹತ್ತಿ ಬಟ್ಟೆ, ಟಾರ್ಚ್
- ನಿಮ್ಮ ಮಾದರಿಯ ಸರ್ವಿಸ್ ಕೈಪಿಡಿ

ಗಾಜಿನ ಬಾಟಲಿಯನ್ನು ಕಡೆಗಣಿಸಬೇಡಿ. ಇಡೀ ತಪಾಸಣೆಯಲ್ಲಿ ಅತಿ ಅಗ್ಗದ, ಸುಳ್ಳು ಹೇಳದ ಸಾಧನ ಅದು.

ಹಂತ 1: ನೀರಿನ ಮೇಲಿರುವಾಗಲೇ

ಎಂಜಿನ್ ನಿಂತಿತು ಅಥವಾ ಯಂತ್ರ ಮಗುಚಿತು ಎಂದಾದರೆ ಕೈಗೆ ಕಟ್ಟಿಕೊಂಡ ಸುರಕ್ಷತಾ ದಾರವನ್ನು ಕಿತ್ತು ತೆಗೆಯಿರಿ. ಮಗುಚಿದ ಯಂತ್ರವನ್ನು ನೆಟ್ಟಗೆ ಮಾಡುವಾಗ ಯಾವ ಕಡೆಗೆ ತಿರುಗಿಸಬೇಕು ಎಂಬ ಬಾಣದ ಗುರುತು ಹಿಂಭಾಗದ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಅದನ್ನು ಅಲಂಕಾರಕ್ಕೆ ಅಂಟಿಸಿಲ್ಲ. ಎಕ್ಸಾಸ್ಟ್‌ನ (ಹೊಗೆ ಹೊರಹೋಗುವ ದಾರಿಯ) ವಾಟರ್ ಬಾಕ್ಸ್‌ನಲ್ಲಿ ಯಾವಾಗಲೂ ಒಂದಿಷ್ಟು ನೀರು ನಿಂತಿರುತ್ತದೆ. ತಪ್ಪು ಕಡೆಗೆ ತಿರುಗಿಸಿದರೆ ಆ ನೀರು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೂಲಕ ಹಿಂದಕ್ಕೆ ಹರಿದು, ತೆರೆದಿರುವ ವಾಲ್ವ್‌ಗಳನ್ನು ದಾಟಿ ಸಿಲಿಂಡರ್ ಸೇರುತ್ತದೆ. ಹಳೆಯ ಯಂತ್ರಗಳಲ್ಲಿ ಈ ಸ್ಟಿಕ್ಕರ್ ಬಿಸಿಲಿಗೆ ಮಾಸಿರುತ್ತದೆ. ಹಾಗಿದ್ದರೆ ಕೈಪಿಡಿ ನೋಡಿ ಪೇಂಟ್‌ನಲ್ಲಿ ಬಾಣ ಬರೆದಿಡಿ.

ಸೀ-ಡೂ ಕೈಪಿಡಿಗಳು ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಮಗುಚಿದ್ದರೆ ಸ್ಟಾರ್ಟರ್ ತಿರುಗಿಸಲೇಬಾರದು ಎನ್ನುತ್ತವೆ. ಪ್ರವಾಸಿಗರ ಕೈಗೆ ಕೊಟ್ಟ ಯಂತ್ರವಾದರೆ ಎಷ್ಟು ಹೊತ್ತು ಮಗುಚಿತ್ತು ಎಂಬುದಕ್ಕೆ ಸರಿಯಾದ ಉತ್ತರ ಸಿಗುವುದು ಅಪರೂಪ. ಅನುಮಾನವಿದ್ದರೆ ಎಳೆದೇ ತನ್ನಿ.

ಎಳೆಯುವುದರಲ್ಲೂ ಒಂದು ಅಪಾಯವಿದೆ. ಎಂಜಿನ್ ನಿಂತಿದ್ದರೂ ಯಂತ್ರ ವೇಗವಾಗಿ ಮುಂದೆ ಸಾಗಿದರೆ, ಅದನ್ನು ಮುಂದೂಡುವ ಜೆಟ್ ಪಂಪ್‌ನಲ್ಲಿ ಒತ್ತಡ ಹುಟ್ಟಿ, ಕೂಲಿಂಗ್ ನೀರಿನ ಹೋಸ್ ಮೂಲಕ ನೀರು ಎಕ್ಸಾಸ್ಟ್ ತುಂಬುತ್ತದೆ, ಅಲ್ಲಿಂದ ಎಂಜಿನ್‌ಗೆ. ಆದ್ದರಿಂದ ಪಂಪ್‌ನಿಂದ ಬರುವ ಕೂಲಿಂಗ್ ಹೋಸ್ ಅನ್ನು ಕ್ಲಾಂಪ್‌ನಿಂದ ಬಿಗಿದು ಮುಚ್ಚಿ. ಅದು ಸಾಧ್ಯವಾಗದಿದ್ದರೆ ಗಂಟೆಗೆ 8 ಕಿ.ಮೀ. ಮೀರದಂತೆ ಎಳೆಯಿರಿ. ಮೀನುಗಾರಿಕೆ ದೋಣಿಯವರು ಸಹಾಯಕ್ಕೆ ಬಂದಾಗ ಅವರಿಗೆ ಇದನ್ನು ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಅವರು ತಮ್ಮ ವೇಗದಲ್ಲೇ ಎಳೆಯುತ್ತಾರೆ. ಬಿಗಿದ ಕ್ಲಾಂಪ್ ಮೇಲೆ ಒಂದು ಕೆಂಪು ಬಟ್ಟೆ ಕಟ್ಟಿ. ಅದನ್ನು ತೆಗೆಯಲು ಮರೆತು ಎಂಜಿನ್ ಓಡಿಸಿದರೆ ನೀರಿನಿಂದ ಉಳಿದದ್ದು ಬಿಸಿಯಿಂದ ಹೋಗುತ್ತದೆ.

ಹಂತ 2: ಒಡಲನ್ನು (ಎಂಜಿನ್ ಕೂತಿರುವ ಒಳಭಾಗ) ಬರಿದು ಮಾಡಿ, ಗುರುತುಗಳನ್ನು ಓದಿ

ಯಂತ್ರವನ್ನು ಟ್ರೇಲರ್ ಮೇಲೆ ತಂದು, ಮೂತಿ ಮೇಲಾಗುವಂತೆ ನಿಲ್ಲಿಸಿ, ಹಿಂಭಾಗದ ಎರಡೂ ಡ್ರೇನ್ ಪ್ಲಗ್ ಬಿಚ್ಚಿ. ಹೊರಬರುವ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಂಡರೆ ಪೆಟ್ರೋಲೋ ಆಯಿಲೋ ಸೋರಿದೆ ಎಂದರ್ಥ. ಡ್ರೇನ್ ಪ್ಲಗ್ ಸಡಿಲವಾಗಿತ್ತೇ ಎಂಬುದನ್ನೂ ಈಗಲೇ ನೋಡಿ. ಕೆಲವೊಮ್ಮೆ ಇಡೀ ತನಿಖೆ ಇಲ್ಲೇ ಮುಗಿಯುತ್ತದೆ.

ಸೀಟು ತೆಗೆದು ಹತ್ತು ನಿಮಿಷ ಗಾಳಿಯಾಡಲು ಬಿಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಒಡಲಿನ ತಳದಲ್ಲಿ ಕೂತಿರುತ್ತದೆ. ಆಮೇಲೆ ಬ್ಯಾಟರಿಯ ಮೈನಸ್ ತಂತಿ, ನಂತರ ಪ್ಲಸ್ ತಂತಿ ಬಿಚ್ಚಿ, ಬ್ಯಾಟರಿಯನ್ನು ಹೊರತೆಗೆದು ಬೇರೆಡೆ ಚಾರ್ಜ್‌ಗೆ ಹಾಕಿ. ಒಡಲೊಳಗೇ ಇಟ್ಟು ಚಾರ್ಜ್ ಮಾಡಬೇಡಿ.

ಈಗ ಟಾರ್ಚ್ ಹಿಡಿದು ಎಂಜಿನ್‌ನ ಪಕ್ಕದ ಗೋಡೆಗಳನ್ನು ನೋಡಿ. ನೀರು ಎಲ್ಲಿಯವರೆಗೆ ಏರಿತ್ತು ಎಂಬುದಕ್ಕೆ ಒದ್ದೆಯ ಅಥವಾ ಮರಳಿನ ಗೆರೆಯೊಂದು ಇರುತ್ತದೆ. ಆ ಗೆರೆ ಸ್ಟಾರ್ಟರ್ ಮೋಟರ್‌ಗಿಂತ ಕೆಳಗಿದೆಯೇ, ಏರ್ ಬಾಕ್ಸ್‌ನ (ಎಂಜಿನ್ ಗಾಳಿ ಎಳೆದುಕೊಳ್ಳುವ ಪೆಟ್ಟಿಗೆಯ) ಬಾಯಿಯವರೆಗೆ ಬಂದಿದೆಯೇ, ಫ್ಯೂಸ್ ಪೆಟ್ಟಿಗೆ ಮುಳುಗಿತ್ತೇ? ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ತೊಳೆದ ಮೇಲೆ ಈ ಸಾಕ್ಷ್ಯ ಉಳಿಯುವುದಿಲ್ಲ.

ಹಂತ 3: ಆಯಿಲ್ ಏನು ಹೇಳುತ್ತದೆ

ಡಿಪ್‌ಸ್ಟಿಕ್ ತೆಗೆದು ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದ ಮೇಲೂ ಎಂಜಿನ್ ತಿರುಗಿದೆ. ಎರಡೂ ಕಡೆದು ಒಂದಾಗಿವೆ.

ಆಯಿಲ್ ಶುದ್ಧವಾಗಿ ಕಂಡರೂ ಖುಷಿಪಡುವ ಹಾಗಿಲ್ಲ. ನೀರು ಆಯಿಲ್‌ಗಿಂತ ಭಾರ. ಎಂಜಿನ್ ತಿರುಗದೆ ನಿಂತಿದ್ದರೆ ನೀರೆಲ್ಲ ತಳದಲ್ಲಿ, ಆಯಿಲ್ ಅದರ ಮೇಲೆ. ಡಿಪ್‌ಸ್ಟಿಕ್‌ಗೆ ಹತ್ತುವುದು ಹೊನ್ನಿನ ಬಣ್ಣದ ಚೊಕ್ಕ ಆಯಿಲೇ. ಇಲ್ಲಿ ನೋಡಬೇಕಾದದ್ದು ಬಣ್ಣವಲ್ಲ, ಮಟ್ಟ. ಮೇಲಿನ ಗೆರೆಯನ್ನು ದಾಟಿದ್ದರೆ ಕೆಳಗೆ ಏನೋ ಸೇರಿದೆ. ಹೀರುವ ಪಂಪ್‌ನ ನಳಿಗೆಯನ್ನು ತಳ ಮುಟ್ಟುವವರೆಗೆ ಇಳಿಸಿ, ಮೊದಲು ಬರುವ ದ್ರವವನ್ನು ಗಾಜಿನ ಬಾಟಲಿಗೆ ಹಿಡಿದು ಅರ್ಧ ಗಂಟೆ ಅಲುಗಾಡಿಸದೆ ಇಡಿ. ತಳದಲ್ಲಿ ನೀರಿನ ಪದರ ನಿಂತರೆ ಸಂದೇಹಕ್ಕೆ ಜಾಗವಿಲ್ಲ.

ಆಯಿಲ್ ಟ್ಯಾಂಕ್ ಎಂಜಿನ್‌ನಿಂದ ಬೇರೆಯಾಗಿರುವ ಮಾದರಿಗಳಲ್ಲಿ ಡಿಪ್‌ಸ್ಟಿಕ್ ತೋರಿಸುವುದು ಟ್ಯಾಂಕಿನ ಸ್ಥಿತಿಯನ್ನು ಮಾತ್ರ. ಅಲ್ಲಿ ಮಟ್ಟ ಸರಿಯಾಗಿದ್ದರೂ ಎಂಜಿನ್‌ನ ತಳಭಾಗವಾದ ಕ್ರ್ಯಾಂಕ್‌ಕೇಸ್‌ನಲ್ಲಿ ನೀರಿಲ್ಲ ಎಂದು ತೀರ್ಮಾನಿಸಬೇಡಿ.

ಎಂಜಿನ್ ತಂಪು ಮಾಡಲು ಕಡಲ ನೀರಿನ ಬದಲು ಕೂಲಂಟ್ ದ್ರವ ಬಳಸುವ ಸೀ-ಡೂ ಯಂತ್ರವಾದರೆ ಕೂಲಂಟ್ ಡಬ್ಬಿಯ ಮಟ್ಟವನ್ನೂ ನೋಡಿ. ಆಯಿಲ್‌ನಲ್ಲಿ ದ್ರವ ಸೇರಿದೆ, ಕೂಲಂಟ್ ಕಡಿಮೆಯಾಗಿದೆ ಎಂದಾದರೆ ಅದು ಕಡಲ ನೀರಲ್ಲ. ಹೆಡ್ ಗ್ಯಾಸ್ಕೆಟ್ ಕಡೆಗೆ ನೋಡಬೇಕು.

ಹಂತ 4: ಏರ್ ಬಾಕ್ಸ್ ತೆರೆಯಿರಿ

ಬಹಳ ಜನ ಬಿಟ್ಟುಬಿಡುವ ಹಂತ ಇದು. ಏರ್ ಬಾಕ್ಸ್ ಮತ್ತು ಥ್ರಾಟಲ್ ಬಾಡಿಯ ನಡುವಿನ ಹೋಸ್ ಬಿಚ್ಚಿ ಒಳಗೆ ಬೆರಳಾಡಿಸಿ. ಒದ್ದೆಯಿದ್ದರೆ ಎಂಜಿನ್ ಗಾಳಿಯ ಜೊತೆ ನೀರು ಎಳೆದುಕೊಂಡಿದೆ. ಅಂದರೆ ಒಡಲು ಅಷ್ಟು ತುಂಬಿತ್ತು ಅಥವಾ ಯಂತ್ರ ಮಗುಚಿತ್ತು. ಏರ್ ಬಾಕ್ಸ್ ಪೂರ್ತಿ ಒಣಗಿದ್ದು, ಸಿಲಿಂಡರ್‌ನಲ್ಲಿ ಮಾತ್ರ ನೀರಿದ್ದರೆ ಅದು ಎಕ್ಸಾಸ್ಟ್ ಕಡೆಯಿಂದ ಹಿಂದಕ್ಕೆ ಬಂದದ್ದು. ಕೊನೆಯ ಹಂತದಲ್ಲಿ ಎಲ್ಲಿ ಹುಡುಕಬೇಕು ಎಂಬುದನ್ನು ಈ ಒಂದು ವ್ಯತ್ಯಾಸ ನಿರ್ಧರಿಸುತ್ತದೆ. ಸೂಪರ್‌ಚಾರ್ಜರ್ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) ಇರುವ ಮಾದರಿಗಳಲ್ಲಿ, ಆ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್‌ನ ಹೋಸ್‌ಗಳನ್ನೂ ಬಿಚ್ಚಿ ಬರಿದು ಮಾಡಿ. ಅಲ್ಲಿ ಉಳಿದ ನೀರು ಎಂಜಿನ್ ಸ್ಟಾರ್ಟ್ ಆದ ಕೂಡಲೇ ಒಳಗೆ ಹೋಗುತ್ತದೆ.

ಹಂತ 5: ಸ್ಪಾರ್ಕ್ ಪ್ಲಗ್ ಬಿಚ್ಚಿ ನೀರು ಹೊರಹಾಕುವುದು

ಎಂಜಿನ್ ಉಳಿಯುವುದೋ ಹೋಗುವುದೋ ಇಲ್ಲಿ ತೀರ್ಮಾನವಾಗುತ್ತದೆ. ಇದನ್ನು ಕ್ರಮ ತಪ್ಪಿಸದೆ, ನಿಧಾನವಾಗಿ ಮಾಡಿ.

ಪ್ಲಗ್‌ಗಳ ಮೇಲೆ ಕೂತ, ಕಿಡಿಗೆ ವಿದ್ಯುತ್ ಕೊಡುವ ಕಾಯಿಲ್‌ಗಳಿಗೆ 1, 2, 3 ಎಂದು ಗುರುತು ಹಾಕಿ ತೆಗೆಯಿರಿ. ಪ್ಲಗ್ ಬಿಚ್ಚುವ ಮೊದಲು ಅದರ ಗುಳಿಯನ್ನು ಗಾಳಿ ಊದಿ ಶುಚಿ ಮಾಡಿ. ಗುಳಿಯಲ್ಲಿ ಕೂತ ಮರಳು, ಉಪ್ಪಿನ ಹರಳು ಪ್ಲಗ್ ಬಿಚ್ಚಿದ ಕೂಡಲೇ ಸಿಲಿಂಡರ್‌ಗೆ ಬೀಳುತ್ತವೆ. ಹೊರಬಂದ ಪ್ಲಗ್‌ಗಳನ್ನು ಅದೇ ಕ್ರಮದಲ್ಲಿ ಬಟ್ಟೆಯ ಮೇಲೆ ಸಾಲಾಗಿಟ್ಟು ತುದಿ ನೋಡಿ. ಪೆಟ್ರೋಲ್ ಒದ್ದೆಯಾದರೆ ವಾಸನೆ ಬಂದು ಬೇಗ ಆರುತ್ತದೆ. ನೀರಾದರೆ ಪಿಂಗಾಣಿಯ ಮೇಲೆ ಹನಿಯಾಗಿ ನಿಲ್ಲುತ್ತದೆ. ತುದಿಯಲ್ಲಿ ಬಿಳಿ ಉಪ್ಪಿನ ಪುಡಿ ಇದ್ದರೆ ಆ ಸಿಲಿಂಡರ್‌ಗೆ ಇಂದು ಮಾತ್ರವಲ್ಲ, ಮೊದಲಿನಿಂದಲೂ ಸ್ವಲ್ಪ ಸ್ವಲ್ಪವಾಗಿ ನೀರು ಸೇರುತ್ತಿತ್ತು.

ಈಗ ಕಿಡಿಯನ್ನೂ ಪೆಟ್ರೋಲ್ ಸಿಂಪಡಣೆಯನ್ನೂ ನಿಲ್ಲಿಸಬೇಕು. ಕಾಯಿಲ್‌ಗಳ ಮತ್ತು ಇಂಜೆಕ್ಟರ್‌ಗಳ ಕನೆಕ್ಟರ್ ಬಿಚ್ಚಿಡಿ. ಸೀ-ಡೂನ ರೋಟ್ಯಾಕ್ಸ್ ಎಂಜಿನ್‌ಗಳಲ್ಲಿ ಥ್ರಾಟಲ್ ಅನ್ನು ಮೊದಲು ಪೂರ್ತಿ ಒತ್ತಿ ಹಿಡಿದು ಆಮೇಲೆ ಸ್ಟಾರ್ಟ್ ಬಟನ್ ಒತ್ತಿದರೆ ಎರಡೂ ತಾನಾಗಿ ನಿಲ್ಲುತ್ತವೆ. ಇದನ್ನು ಮಾಡದೆ ಸ್ಟಾರ್ಟರ್ ತಿರುಗಿಸಿದರೆ ಪ್ಲಗ್ ತೂತುಗಳಿಂದ ಚಿಮ್ಮುವ ಪೆಟ್ರೋಲ್ ಮಂಜಿಗೆ ಪಕ್ಕದಲ್ಲೇ ನೇತಾಡುವ ಕಾಯಿಲ್‌ನ ಕಿಡಿ ತಗಲುತ್ತದೆ. ಬೆಂಕಿಗೆ ಅಷ್ಟು ಸಾಕು.

ಸ್ಟಾರ್ಟರ್‌ಗಿಂತ ಮೊದಲು ಕೈಯಿಂದ ಪ್ರಯತ್ನಿಸಿ. ಬ್ಯಾಟರಿ ಹೊರಗೇ ಇರಲಿ. ಡ್ರೈವ್ ಶಾಫ್ಟ್ (ಎಂಜಿನ್‌ನಿಂದ ಜೆಟ್ ಪಂಪ್‌ಗೆ ಹೋಗುವ ದಂಡ) ಹಿಡಿದು ಅದು ಸಹಜವಾಗಿ ತಿರುಗುವ ದಿಕ್ಕಿಗೆ ಎರಡು ಸುತ್ತು ತಿರುಗಿಸಿ. ಪ್ಲಗ್ ಇಲ್ಲದಿರುವಾಗ ಅದು ಒಂದೇ ಸಮನಾದ ಬಿಗಿಯಲ್ಲಿ ತಿರುಗಬೇಕು. ಒಂದು ಜಾಗಕ್ಕೆ ಬಂದು ಗಟ್ಟಿಯಾಗಿ ನಿಂತರೆ, ಅಥವಾ ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ‘ಟಕ್’ ಎಂದರೆ, ಅಲ್ಲಿಗೇ ನಿಲ್ಲಿಸಿ. ಪೈಪ್ ಸಿಕ್ಕಿಸಿ ಬಲ ಹಾಕುವ ಜಾಗವಲ್ಲ ಇದು.

ಸಲೀಸಾಗಿ ತಿರುಗಿದರೆ ಬ್ಯಾಟರಿ ಜೋಡಿಸಿ. ಪ್ಲಗ್ ತೂತುಗಳ ಮೇಲೆ ಬಟ್ಟೆ ಹಾಸಿ, ಮುಖವನ್ನು ದೂರವಿಟ್ಟು, ಹಿಂದೆ ಜೆಟ್ ಪಂಪ್ ಬಳಿ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಐದು ಸೆಕೆಂಡು ಸ್ಟಾರ್ಟರ್ ತಿರುಗಿಸಿ. ನೀರು ಪಿಚಕಾರಿಯಂತೆ ಚಿಮ್ಮುತ್ತದೆ. ಅರ್ಧ ನಿಮಿಷ ಬಿಡುವು ಕೊಟ್ಟು ಮತ್ತೆ ಐದು ಸೆಕೆಂಡು. ಬಟ್ಟೆ ಬದಲಿಸುತ್ತಾ ಹೋಗಿ. ಒಣ ಬಟ್ಟೆ ಒಣಗಿಯೇ ಉಳಿಯುವವರೆಗೆ ಮುಂದುವರಿಸಿ. ಸ್ಟಾರ್ಟರ್ ಮೈ ಮುಟ್ಟಲಾಗದಷ್ಟು ಬಿಸಿಯಾದರೆ ಆರಲು ಬಿಡಿ. ಉಪ್ಪುನೀರಿನಲ್ಲಿ ಮುಳುಗಿದ್ದ ಸ್ಟಾರ್ಟರ್ ಇವತ್ತು ಕೆಲಸ ಮಾಡಿದರೂ ಹದಿನೈದು ದಿನದಲ್ಲಿ ಕೈ ಕೊಡುವುದು ಸಾಮಾನ್ಯ ಎಂಬುದನ್ನು ನೆನಪಿಡಿ.

ನಂತರ ಪ್ರತಿ ತೂತಿಗೂ ಫಾಗಿಂಗ್ ಆಯಿಲ್ ಸಿಂಪಡಿಸಿ, ಇನ್ನೊಮ್ಮೆ ಎರಡು ಸೆಕೆಂಡು ತಿರುಗಿಸಿ. ಅದು ಸಿಗದಿದ್ದರೆ ಒಂದು ಚಮಚ ಎಂಜಿನ್ ಆಯಿಲ್ ಸಾಕು. ಆಯಿಲ್ ಕೂಡ ದ್ರವವೇ, ಅದನ್ನೂ ಪಿಸ್ಟನ್ ಅದುಮಲಾರದು, ಲೋಟಗಟ್ಟಲೆ ಸುರಿಯಬೇಡಿ. ಇಂದು ಮುಂದುವರಿಯಲು ಆಗದಿದ್ದರೆ ನಿಲ್ಲಿಸಬಹುದಾದ ಜಾಗ ಇದೊಂದೇ, ಅದೂ ಒಂದು ರಾತ್ರಿಯ ಮಟ್ಟಿಗೆ.

‘ಬಿಸಿಲಿಗೆ ನಿಲ್ಲಿಸಿದರೆ ಒಣಗುತ್ತದೆ’ ಎಂಬ ಸಲಹೆ ಕಡಲತೀರದಲ್ಲಿ ಧಾರಾಳವಾಗಿ ಸಿಗುತ್ತದೆ. ಒಣಗುವುದು ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ಗಾಳಿ, ತೇವ, ಉಪ್ಪು ಮೂರೂ ಸೇರಿದ ಸಿಲಿಂಡರ್ ಗೋಡೆಗೆ ತುಕ್ಕು ಹಿಡಿಯಲು ಒಂದು ರಾತ್ರಿ ಬೇಕಾದಷ್ಟಾಯಿತು.

ಹಂತ 6: ಕಂಪ್ರೆಷನ್ ಪರೀಕ್ಷೆ

ಪ್ಲಗ್‌ಗಳು ಹೇಗೂ ಹೊರಗಿವೆ, ಈಗಲೇ ಮಾಡಿ ಮುಗಿಸಿ. ಬ್ಯಾಟರಿ ಪೂರ್ತಿ ಚಾರ್ಜ್ ಇರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು, ಪ್ರತಿ ಸಿಲಿಂಡರ್‌ಗೂ ಅಷ್ಟೇ ಸುತ್ತು ಕೊಡಬೇಕು. ಈಗಷ್ಟೇ ಆಯಿಲ್ ಸಿಂಪಡಿಸಿದ್ದರಿಂದ ಅಂಕಿಗಳು ನಿಜಕ್ಕಿಂತ ತುಸು ಹೆಚ್ಚೇ ಬರುತ್ತವೆ. ಆದ್ದರಿಂದ ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ಅಂತರ ಮುಖ್ಯ. ಒಂದು ಸಿಲಿಂಡರ್ ಉಳಿದವುಗಳಿಗಿಂತ ಶೇ 10ಕ್ಕೂ ಹೆಚ್ಚು ಹಿಂದೆ ಬಿದ್ದರೆ ಅನುಮಾನಪಡಿ. ರಾಡ್ ಬಾಗಿದರೆ ಅದರ ಉದ್ದ ಕುಗ್ಗುತ್ತದೆ, ಪಿಸ್ಟನ್ ಮೊದಲಿನಷ್ಟು ಮೇಲೆ ಬರುವುದಿಲ್ಲ, ಒತ್ತಡ ಕಡಿಮೆ ತೋರಿಸುತ್ತದೆ. ಅಂಥ ಎಂಜಿನ್ ಸ್ಟಾರ್ಟ್ ಆಗುತ್ತದೆ, ಓಡುತ್ತದೆ ಕೂಡ. ಆಮೇಲೊಂದು ದಿನ ಪೂರ್ತಿ ವೇಗದಲ್ಲಿರುವಾಗ ರಾಡ್ ಮುರಿದು ಎಂಜಿನ್ ಬ್ಲಾಕ್ ಅನ್ನೇ ಸೀಳಿಕೊಂಡು ಹೊರಬರುತ್ತದೆ.

ಹಂತ 7: ಹಳೆಯ ಆಯಿಲ್ ಹೊರಗೆ

ಸ್ಟಾರ್ಟ್ ಮಾಡುವ ಮೊದಲೇ ಆಯಿಲ್ ಬದಲಾಗಬೇಕು. ‘ಓಡಿಸಿ ಬಿಸಿ ಮಾಡಿದರೆ ಚೆನ್ನಾಗಿ ಇಳಿಯುತ್ತದೆ’ ಎಂಬ ಮಾಮೂಲಿ ಸರ್ವಿಸಿನ ಬುದ್ಧಿ ಇಲ್ಲಿ ಬೇಡ. ನೀರು ಬೆರೆತ ಆಯಿಲ್ ಬೇರಿಂಗ್‌ಗಳನ್ನು ಕಾಯುವುದಿಲ್ಲ.

ಪಂಪ್‌ನಿಂದ ಹೀರಿ ತೆಗೆಯಿರಿ. ಫಿಲ್ಟರ್ ತೆಗೆದು, ಅದರ ಗುಳಿಯಲ್ಲಿ ನಿಂತದ್ದನ್ನೂ ಹೀರಿ. ರೋಟ್ಯಾಕ್ಸ್‌ನಲ್ಲಿ ಒಮ್ಮೆ ಹೀರಿದ ನಂತರ ಥ್ರಾಟಲ್ ಪೂರ್ತಿ ಒತ್ತಿ ಕೆಲವು ಸೆಕೆಂಡು ಸ್ಟಾರ್ಟರ್ ತಿರುಗಿಸಿದರೆ ಒಳಗೆ ಅಡಗಿದ ಇನ್ನಷ್ಟು ಆಯಿಲ್ ಬರುತ್ತದೆ, ಅದನ್ನೂ ಹೀರಿ. ಏನೇ ಮಾಡಿದರೂ ನಾಳಗಳಲ್ಲಿ ಒಂದಿಷ್ಟು ಉಳಿದೇ ಉಳಿಯುತ್ತದೆ. ಮೂರು ಸಲ ಬದಲಿಸಬೇಕಾಗುವುದು ಅದಕ್ಕೇ.

ಡೀಸೆಲ್ ತುಂಬಿ ತೊಳೆಯುವ ರೂಢಿ ದೋಣಿ ಮೆಕ್ಯಾನಿಕ್‌ಗಳಲ್ಲಿದೆ. ಡೀಸೆಲ್ ನೀರನ್ನು ತಳ್ಳುವುದು ನಿಜ. ಆದರೆ ಅದರ ಮೇಲೆ ಎಂಜಿನ್ ಓಡಿಸಿದರೆ ಬೇರಿಂಗ್‌ಗೆ ಬೇಕಾದ ಪೊರೆ ಉಳಿಯುವುದಿಲ್ಲ. ಮೊದಲೆರಡು ತೊಳೆತಕ್ಕೆ ಸರಿಯಾದ ಗ್ರೇಡಿನ ಅಗ್ಗದ ಆಯಿಲ್, ಕೊನೆಗೆ ಕಂಪನಿ ಹೇಳಿದ ಆಯಿಲ್, ಇದು ನನ್ನ ಆಯ್ಕೆ. ಸೂಪರ್‌ಚಾರ್ಜರ್ ಇರುವ ರೋಟ್ಯಾಕ್ಸ್‌ಗೆ ಮಾತ್ರ ಮೊದಲ ಸಲವೂ ಸಾಮಾನ್ಯ ಕಾರಿನ ಆಯಿಲ್ ಹಾಕಬೇಡಿ. ಘರ್ಷಣೆ ಕಡಿಮೆ ಮಾಡುವ ಬೆರಕೆಗಳು ಸೂಪರ್‌ಚಾರ್ಜರ್‌ನ ಕ್ಲಚ್ ಜಾರುವಂತೆ ಮಾಡುತ್ತವೆ.

ಹಂತ 8: ಪೆಟ್ರೋಲ್ ಮತ್ತು ವೈರಿಂಗ್

ಟ್ಯಾಂಕಿನ ತಳದಿಂದ ಒಂದು ಬಾಟಲಿ ಪೆಟ್ರೋಲ್ ಹೀರಿ ಬೆಳಕಿಗೆ ಹಿಡಿಯಿರಿ. ಈಗ ಬಂಕ್‌ಗಳಲ್ಲಿ ಸಿಗುವ ಶೇ 20 ಎಥನಾಲ್ ಬೆರೆತ ಪೆಟ್ರೋಲ್‌ಗೆ ನೀರು ಸೇರಿದರೆ, ಒಂದು ಮಿತಿಯವರೆಗೆ ಎಥನಾಲ್ ಅದನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಮಿತಿ ದಾಟಿದೊಡನೆ ನೀರು ಮತ್ತು ಎಥನಾಲ್ ಒಟ್ಟಾಗಿ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಪೆಟ್ರೋಲ್ ಪಂಪ್ ಹೀರುವುದು ಆ ತಳದಿಂದಲೇ. ಬಾಟಲಿಯಲ್ಲಿ ಎರಡು ಪದರ ಕಂಡರೆ ಅಥವಾ ಪೆಟ್ರೋಲ್ ಮಬ್ಬಾಗಿದ್ದರೆ ಟ್ಯಾಂಕ್ ಪೂರ್ತಿ ಬರಿದು ಮಾಡಿ. ಮೇಲೆ ಹೊಸ ಪೆಟ್ರೋಲ್ ತುಂಬಿ ಸರಿಮಾಡಬಹುದು ಎಂದುಕೊಳ್ಳಬೇಡಿ.

ನೀರಿನ ಗೆರೆಗಿಂತ ಕೆಳಗಿದ್ದ ಪ್ರತಿ ಕನೆಕ್ಟರ್ ಬಿಚ್ಚಿ, ಉಪ್ಪಿದ್ದರೆ ಸಿಹಿನೀರಿನಲ್ಲಿ ಮೆಲ್ಲಗೆ ತೊಳೆದು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿದ ಮೇಲೆ ಡೈಎಲೆಕ್ಟ್ರಿಕ್ ಗ್ರೀಸ್ ಸವರಿ ಜೋಡಿಸಿ. ಹಸಿರು ಪುಡಿ ಕಟ್ಟಿದ ಪಿನ್ ಸಿಕ್ಕರೆ ಅದನ್ನು ಕೆರೆದು ಬಿಡುವ ಬದಲು ಬದಲಿಸಿ. ಎಂಜಿನ್‌ಗೆ ಬರುವ ಅರ್ಥ್ ತಂತಿಯನ್ನು ಮರೆಯಬೇಡಿ. ಪ್ರೆಷರ್ ವಾಷರ್ ಈ ಕೆಲಸಕ್ಕೆ ಕೂಡದು. ಅದು ನೀರನ್ನು ಸೀಲ್ ದಾಟಿಸಿ ಒಳಗೆ ನುಗ್ಗಿಸುತ್ತದೆ.

ಹಂತ 9: ಮೊದಲ ಸ್ಟಾರ್ಟ್

ಹೊಸ ಫಿಲ್ಟರ್, ಹೊಸ ಆಯಿಲ್, ಹೊಸ ಪ್ಲಗ್ ಹಾಕಿ, ಕನೆಕ್ಟರ್‌ಗಳನ್ನು ಜೋಡಿಸಿ, ಎಳೆಯುವಾಗ ಬಿಗಿದಿದ್ದ ಕ್ಲಾಂಪ್ ತೆಗೆದಿದ್ದೀರಾ ನೋಡಿ. ಫ್ಲಶ್ ಹೋಸ್ (ನಲ್ಲಿಯಿಂದ ಯಂತ್ರಕ್ಕೆ ನೀರು ತರುವ ಕೊಳವೆ) ಜೋಡಿಸಿ, ನಲ್ಲಿ ತಿರುಗಿಸಬೇಡಿ. ಮೊದಲು ಎಂಜಿನ್ ಸ್ಟಾರ್ಟ್ ಆಗಬೇಕು, ಆದ ಕೂಡಲೇ ನಲ್ಲಿ ತೆರೆಯಬೇಕು. ನಿಲ್ಲಿಸುವಾಗ ಇದಕ್ಕೆ ತದ್ವಿರುದ್ಧ: ಮೊದಲು ನಲ್ಲಿ ಬಂದ್, ಆಮೇಲೆ ಒಂದೆರಡು ಸಲ ಥ್ರಾಟಲ್ ಕೊಟ್ಟು ಎಕ್ಸಾಸ್ಟ್‌ನ ನೀರು ಹೊರದೂಡಿ, ಕೆಲವೇ ಸೆಕೆಂಡಿನಲ್ಲಿ ಎಂಜಿನ್ ಬಂದ್. ಎಂಜಿನ್ ನಿಂತಿರುವಾಗ ನಲ್ಲಿ ತೆರೆದಿದ್ದರೆ, ಹೊರದೂಡಲು ಹೊಗೆಯ ಒತ್ತಡವಿಲ್ಲದ ಕಾರಣ ನೀರು ಎಕ್ಸಾಸ್ಟ್ ತುಂಬಿ ಸಿಲಿಂಡರ್‌ಗೆ ಇಳಿಯುತ್ತದೆ. ಕಡಲಲ್ಲಿ ಏನೂ ಆಗದ ಎಷ್ಟೋ ಯಂತ್ರಗಳು ಅಂಗಳದಲ್ಲಿ ತೊಳೆಯುವಾಗ ಮುಳುಗಿದ್ದು ಹೀಗೆಯೇ. ತೊಳೆಯುವ ಹುಡುಗರಿಗೆ ಈ ಕ್ರಮವನ್ನು ನಲ್ಲಿಯ ಪಕ್ಕದ ಗೋಡೆಯ ಮೇಲೆ ಬರೆದು ತೋರಿಸಿ.

ಸೀ-ಡೂನಲ್ಲಿ ಎಂಜಿನ್ ಕೂಲಂಟ್ ಮೇಲೆ ಓಡಿದರೂ ಎಕ್ಸಾಸ್ಟ್‌ಗೆ ಹೊರಗಿನ ನೀರು ಬೇಕೇ ಬೇಕು. ಜೊತೆಗೆ, ಡ್ರೈವ್ ಶಾಫ್ಟ್ ಒಡಲನ್ನು ದಾಟುವಲ್ಲಿ ನೀರು ತಡೆಯುವ ಕಾರ್ಬನ್ ಸೀಲ್‌ಗೆ ಟ್ರೇಲರ್ ಮೇಲೆ ನೀರಿನ ತಂಪು ಸಿಗುವುದಿಲ್ಲ. ಹೋಸ್ ಮೇಲೆ ಒಂದೆರಡು ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ.

ಮೊದಲು ಬರುವ ನೀಲಿ ಬಿಳಿ ಹೊಗೆ ಫಾಗಿಂಗ್ ಆಯಿಲ್‌ನದು, ಗಾಬರಿ ಬೇಡ. ಲೋಹ ಬಡಿದ ಸದ್ದು ಬಂದರೆ, ಆಯಿಲ್ ಒತ್ತಡದ ಎಚ್ಚರಿಕೆ ಹೊತ್ತಿದರೆ, ತಕ್ಷಣ ನಿಲ್ಲಿಸಿ. ಎಲ್ಲ ಸರಿಯಿದ್ದರೆ ಒಂದು ನಿಮಿಷ ಓಡಿಸಿ ನಿಲ್ಲಿಸಿ, ಆಯಿಲ್ ನೋಡಿ. ಅದು ಮತ್ತೆ ಬೆಳ್ಳಗಾಗಿರುತ್ತದೆ. ಹಾಗಾಗಲೇಬೇಕು, ಒಳಗಿನದು ಹೊರಬರುತ್ತಿದೆ. ಹೀರಿ ತೆಗೆದು, ಹೊಸ ಆಯಿಲ್ ಹಾಕಿ, ಮತ್ತೆ ಓಡಿಸಿ. ಬಣ್ಣ ಮರಳುವವರೆಗೆ ಇದೇ ಕೆಲಸ. ಪ್ರತಿ ಸಲದ ಮಾದರಿಯನ್ನು ಬಾಟಲಿಯಲ್ಲಿಟ್ಟು ಪಕ್ಕಪಕ್ಕದಲ್ಲಿ ಹೋಲಿಸಿ. ಮೂರನೆಯದು ಎರಡನೆಯದಕ್ಕಿಂತ ತಿಳಿಯಾಗದಿದ್ದರೆ ನೀರು ಈಗಲೂ ಒಳಗೆ ಬರುತ್ತಿದೆ.

ಕೊನೆಯ ಫಿಲ್ಟರ್ ಮತ್ತು ಒಳ್ಳೆಯ ಆಯಿಲ್ ಹಾಕಿದ ಮೇಲೆ ನೀರಿನಲ್ಲೇ ಅರ್ಧ ಗಂಟೆ ಓಡಿಸಬೇಕು. ಹೋಸ್ ಮೇಲಿನ ಒಂದೆರಡು ನಿಮಿಷದಲ್ಲಿ ಆಯಿಲ್ ಸಾಕಷ್ಟು ಬಿಸಿಯಾಗುವುದಿಲ್ಲ. ಉಳಿದ ತೇವ ಆವಿಯಾಗಿ ಹೋಗಲು ಆ ಬಿಸಿ ಬೇಕು. ಆದರೆ ಮುಂದಿನ ಹಂತ ಮುಗಿಸದೆ ನೀರಿಗಿಳಿಸಬೇಡಿ.

ಹಂತ 10: ದಾರಿ ಹುಡುಕುವುದು

ಏರ್ ಬಾಕ್ಸ್ ಒದ್ದೆಯಾಗಿತ್ತು ಎಂದಾದರೆ ಒಡಲಿಗೆ ನೀರು ಹೇಗೆ ಬಂತು ಎಂದು ಹುಡುಕಿ. ಸುಲಭ ಪರೀಕ್ಷೆ: ಟ್ರೇಲರ್ ಮೇಲಿರುವಾಗ ಡ್ರೇನ್ ಪ್ಲಗ್ ಬಿಗಿದು, ಡ್ರೈವ್ ಶಾಫ್ಟ್ ಒಡಲನ್ನು ದಾಟುವ ಜಾಗ ಮುಳುಗುವಷ್ಟು ಮಾತ್ರ ಒಳಗೆ ಸಿಹಿನೀರು ಸುರಿಯಿರಿ. ನೀರು ಎಂಜಿನ್ ಮುಟ್ಟಬಾರದು. ಹೊರಗೆ, ಕೆಳಗೆ ಮಲಗಿ ಎಲ್ಲಿ ತೊಟ್ಟಿಕ್ಕುತ್ತದೆ ನೋಡಿ. ಒಳಗಿನಿಂದ ಹೊರಬರುವ ದಾರಿಯೇ ಹೊರಗಿನಿಂದ ಒಳಬರುವ ದಾರಿ. ಹೆಚ್ಚಾಗಿ ಸಿಕ್ಕಿಬೀಳುವುದು ಶಾಫ್ಟ್‌ನ ಕಾರ್ಬನ್ ಸೀಲ್ ಮತ್ತು ಅದರ ರಬ್ಬರ್ ಬೆಲ್ಲೋಸ್. ನಂತರದ್ದು ಡ್ರೇನ್ ಪ್ಲಗ್‌ನ ಓ-ರಿಂಗ್. ಇಲ್ಲಿ ಏನೂ ಸೋರದಿದ್ದರೆ ಹೋಸ್ ಮೇಲೆ ಓಡಿಸುತ್ತಾ ಒಳಗಿನ ಎಕ್ಸಾಸ್ಟ್, ಕೂಲಿಂಗ್ ಹೋಸ್‌ಗಳ ಕ್ಲಾಂಪ್‌ಗಳನ್ನು ಟಾರ್ಚ್ ಬಿಟ್ಟು ನೋಡಿ. ಮಳೆಗಾಲದ ನಾಲ್ಕು ತಿಂಗಳು ಶೆಡ್ಡಿನಲ್ಲಿ ನಿಂತ ಯಂತ್ರಗಳಲ್ಲಿ ಇಲಿ ಕಡಿದ ಹೋಸ್ ಕೂಡ ಸಿಗುತ್ತದೆ.

ಏರ್ ಬಾಕ್ಸ್ ಒಣಗಿತ್ತು ಎಂದಾದರೆ ಎಕ್ಸಾಸ್ಟ್ ಕಡೆ ನೋಡಿ. ತೊಳೆದ ಕ್ರಮ, ಎಳೆದ ವೇಗ, ನೆಟ್ಟಗೆ ಮಾಡಿದ ದಿಕ್ಕು, ಈ ಮೂರನ್ನು ಮೊದಲು ವಿಚಾರಿಸಿ. ಅವು ಯಾವುದೂ ಅಲ್ಲವಾದರೆ ಮ್ಯಾನಿಫೋಲ್ಡ್‌ನ ನೀರಿನ ಜಾಕೆಟ್ ಒಳಗಿಂದ ಕೊರೆದುಹೋಗಿರಬಹುದು; ಕಡಲ ನೀರೇ ಎಂಜಿನ್ ತಂಪು ಮಾಡುವ ಯಮಹಾ, ಕವಾಸಕಿಗಳಲ್ಲಿ ಹೆಡ್ ಗ್ಯಾಸ್ಕೆಟ್ ಕೂಡ. ಇದಕ್ಕೆ ಪ್ರೆಷರ್ ಪರೀಕ್ಷೆ, ಲೀಕ್‌ಡೌನ್ ಪರೀಕ್ಷೆ (ಸಿಲಿಂಡರ್‌ಗೆ ಗಾಳಿ ತುಂಬಿ ಸೋರಿಕೆ ಅಳೆಯುವುದು) ಬೇಕು. ಅನುಭವಿ ಮೆಕ್ಯಾನಿಕ್‌ಗೆ ಬಿಡಿ.

ಎರಡು-ಸ್ಟ್ರೋಕ್ ಯಂತ್ರವಾದರೆ

ಹಳೆಯ ಎರಡು-ಸ್ಟ್ರೋಕ್‌ಗಳಲ್ಲಿ ಬದಲಿಸಲು ಎಂಜಿನ್ ತಳದಲ್ಲಿ ನಿಲ್ಲುವ (ಸಂಪ್) ಆಯಿಲ್ ಇಲ್ಲ. ಹೀಗಾಗಿ ಕೆಲಸ ಬೇಗ ಮುಗಿಯುತ್ತದೆ, ಗಡುವು ಮಾತ್ರ ಇನ್ನೂ ಬಿಗಿ. ನೀರು ಕ್ರ್ಯಾಂಕ್‌ಕೇಸ್‌ನಲ್ಲಿ ನೇರವಾಗಿ ಬೇರಿಂಗ್‌ಗಳ ಮೇಲೆಯೇ ನಿಂತಿರುತ್ತದೆ. ಪ್ಲಗ್ ತೆಗೆದು, ಪ್ಲಗ್ ತಂತಿಗಳನ್ನು ಅರ್ಥ್ ಮಾಡಿ, ಥ್ರಾಟಲ್ ಪೂರ್ತಿ ತೆರೆದು ಸ್ಟಾರ್ಟರ್ ತಿರುಗಿಸಿ ನೀರು ಹೊರಹಾಕಿ. ಕಾರ್ಬುರೇಟರ್ ಬರಿದು ಮಾಡಿ, ಆಯಿಲ್ ಬೆರೆಸಿದ ಹೊಸ ಪೆಟ್ರೋಲ್ ಒಂದಿಷ್ಟು ಸುರಿದು ಮತ್ತೆ ತಿರುಗಿಸಿ. ಅದೇ ದಿನ ಸ್ಟಾರ್ಟ್ ಮಾಡಿ, ನೀರಿನಲ್ಲಿ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ, ಕೊನೆಗೆ ಫಾಗಿಂಗ್ ಆಯಿಲ್ ಕೊಟ್ಟು ನಿಲ್ಲಿಸಿ. ನಾಳೆಗೆ ಬಿಟ್ಟ ಎರಡು-ಸ್ಟ್ರೋಕ್‌ನ ಬೇರಿಂಗ್ ಮೇಲೆ ಭರವಸೆ ಇಡಲಾಗದು.

ಇಲ್ಲಿ ಕೈ ಎತ್ತಿಬಿಡಿ

ಪ್ಲಗ್ ತೆಗೆದ ಮೇಲೂ ಶಾಫ್ಟ್ ತಿರುಗದಿದ್ದರೆ, ಒಂದು ಸಿಲಿಂಡರ್‌ನ ಕಂಪ್ರೆಷನ್ ಬಿದ್ದಿದ್ದರೆ, ಹೀರಿದ ಆಯಿಲ್‌ನಲ್ಲಿ ಮಿನುಗುವ ಲೋಹದ ಚೂರಿದ್ದರೆ, ನಾಲ್ಕನೆಯ ಸಲ ಬದಲಿಸಿದ ಆಯಿಲ್ ಕೂಡ ಬೆಳ್ಳಗಾದರೆ, ಇನ್ನು ಅಂಗಳದಲ್ಲಿ ಮಾಡುವ ಕೆಲಸವಿಲ್ಲ. ಮೆಕ್ಯಾನಿಕ್ ಬಳಿ ಹೋಗುವಾಗ ನೀರಿನ ಗೆರೆಯ ಫೋಟೊ, ಗುರುತು ಹಾಕಿದ ಹಳೆಯ ಪ್ಲಗ್‌ಗಳು, ಆಯಿಲ್ ಬಾಟಲಿಗಳು, ಕಂಪ್ರೆಷನ್ ಅಂಕಿಗಳು, ಈ ನಾಲ್ಕನ್ನು ಒಯ್ಯಿರಿ. ಅಪಘಾತದ ನಂತರ ಎಷ್ಟು ಸಲ ಸ್ಟಾರ್ಟ್ ಬಟನ್ ಒತ್ತಿದ್ದೀರಿ ಎಂಬುದನ್ನೂ ಮುಚ್ಚಿಡದೆ ಹೇಳಿ. ಅವರು ಎಂಜಿನ್‌ನ ಮೇಲ್ಭಾಗ ತೆರೆಯಬೇಕೋ ಪೂರ್ತಿ ಬಿಚ್ಚಬೇಕೋ ಎಂಬುದು ಆ ಉತ್ತರವನ್ನೂ ಅವಲಂಬಿಸಿದೆ.

ಯಂತ್ರ ಉಳಿಯಿತು ಎಂದಾದರೆ, ಮೊದಲ ಒಂದು ಗಂಟೆಯ ಓಟದ ನಂತರ ಆಯಿಲ್ ಮಟ್ಟ, ಬಣ್ಣ ಮತ್ತೆ ನೋಡಿ. ಹತ್ತು ಗಂಟೆಯ ಓಟಕ್ಕೆ ಆಯಿಲ್ ಮತ್ತು ಫಿಲ್ಟರ್ ಇನ್ನೊಮ್ಮೆ ಬದಲಿಸಿ, ಒಂದು ಪ್ಲಗ್ ಬಿಚ್ಚಿ ತುದಿಯಲ್ಲಿ ಬಿಳಿ ಪುಡಿ ಇದೆಯೇ ನೋಡಿ.